ಬೋರಿನ ಪೈಪಿನ ಕೈಪಟ್ಟಿ

ಆಬೇದಾಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು, ಆರಾಮಾಗಿ ಬೈದುಕೊಂಡಿರುತ್ತಿದ್ದೆ. ಕೆಟ್ಟವಳಲ್ಲ, ಮೈಗಳ್ಳಿಯೂ ಅಲ್ಲ. ಭಾಲ್ಕಿಯವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಬಾಯಿತುಂಬ ಅಕ್ಕಾ ಅಕ್ಕಾ ಎನ್ನುತ್ತಿದ್ದಳು. ಅದನ್ನು ಕೇಳಿದರೂ ನನಗೆ ಸಿಟ್ಟು ಬರುತ್ತಿತ್ತು.

ನಾವಿಬ್ಬರೂ ಬೀದರಿನ ನೌಬಾದದ ಒಂದು ಪುನರ್ವಸತಿ ಕೇಂದ್ರದಲ್ಲಿ ಔದ್ಯೋಗಿಕ ಚಿಕಿತ್ಸಕಿಯರು. ಹೆಸರು ಭಾರಿ. ಕೆಲಸ ಇಷ್ಟು: ಪೆಟ್ಟು ಬಿದ್ದ ಕೈಗೆ, ಲಕ್ವ ಹೊಡೆದ ಕೈಗೆ ಮತ್ತೆ ತುತ್ತು ಎತ್ತುವುದು, ಗುಂಡಿ ಹಾಕುವುದು, ರೊಟ್ಟಿ ಬಡಿಯುವುದು ಕಲಿಸಬೇಕು. ಮಂದಿಗೆ ಇದೆಲ್ಲ ಎಲ್ಲಿ ಗೊತ್ತು? ಎರಡು ಸಾವಿರದ ಹದಿನೈದರ ಆ ಬರಗಾಲದಲ್ಲಿ ಬಾಗಿಲ ಮೇಲಿನ ಬೋರ್ಡಿನಲ್ಲಿ ಔದ್ಯೋಗಿಕ ಎಂದು ಓದಿ ದಿನಕ್ಕೆ ನಾಲ್ಕು ಜನ ಕೂಲಿ ಕೆಲಸ ಕೇಳಿಕೊಂಡು ಒಳಗೆ ಬರುತ್ತಿದ್ದರು. ಇಲ್ಲಿ ಕೆಲಸ ಸಿಗುವುದಿಲ್ಲ ಎಂದರೆ, ಹಾಗಾದರೆ ಯಾತಕ್ಕೆ ಬೋರ್ಡು ಹಾಕಿದ್ದೀರಿ ಎಂದು ನನ್ನನ್ನೇ ಬೈದು ಹೋಗುತ್ತಿದ್ದರು.

ಗುರುವಾರ ಔರಾದಿನ ಶಿಬಿರ ನನ್ನದು, ಮಂಗಳವಾರ ಭಾಲ್ಕಿಯದು ಅವಳದು. ಹನ್ನೊಂದು ವರ್ಷ ನಾನು ಔರಾದಿನ ಕೈಗಳನ್ನು ನೋಡಿದವಳು. ಅವಳು ಬಂದು ಮೂರು ವರ್ಷ ಆಗಿರಲಿಲ್ಲ, ನನ್ನ ತಾಲೂಕಿನ ಮಂದಿ ಠಾಣಾ ಕುಶನೂರಿನಲ್ಲಿ ಬಸ್ಸು ಹಿಡಿದು ಭಾಲ್ಕಿಗೆ ಹೋಗತೊಡಗಿದರು. ನನ್ನ ಮುಂದೆ ಕೂತ ಮುದುಕನೊಬ್ಬ ನನ್ನ ಕೈಗೇ ತನ್ನ ಕೈಕೊಟ್ಟು, "ಭಾಲ್ಕಿ ಆಪಾ ಬಾಳ ಚೊಲೊ ನೋಡ್ತಾರಂತಲ್ರೀ?" ಎಂದು ಕೇಳಿದ. ಅವನ ಹೆಬ್ಬೆರಳನ್ನು ಅವತ್ತು ಸ್ವಲ್ಪ ಜೋರಾಗಿಯೇ ತಿರುವಿದೆ.

ಆ ವರ್ಷದ ಜುಲೈನಲ್ಲಿ ಹೊಸ ಸುತ್ತೋಲೆ ಬಂತು. ಕೇಂದ್ರದ ಮುಖ್ಯಸ್ಥರಾದ ಭಾಲಚಂದ್ರ ಸಾಹೇಬರು ಅದನ್ನು ನಮ್ಮೆಲ್ಲರ ಮುಂದೆ ನಿಂತುಕೊಂಡೇ ಓದಿದರು. ಬೆರಳನ್ನು ನೇರ ಹಿಡಿಯುವ ಕೈಪಟ್ಟಿಗೆ ಬೇಕಾದ ಪ್ಲಾಸ್ಟಿಕ್ ಹಾಳೆಯನ್ನು ಇನ್ನು ಮೇಲೆ ಶೇಕಡಾ ನಲವತ್ತರಷ್ಟು ಅಂಗವಿಕಲತೆಯ ಪ್ರಮಾಣಪತ್ರ ಇದ್ದವರಿಗೆ ಮಾತ್ರ ಕೊಡತಕ್ಕದ್ದು. ಅನುಮೋದಿತ ಯಾದಿಯಲ್ಲಿ ಇಲ್ಲದ ಸಾಧನವನ್ನು ಯಾರಿಗೂ ಕೊಡಕೂಡದು. ಮೂರು ಭೇಟಿ ತಪ್ಪಿಸಿದವರ ಕಡತವನ್ನು ಮುಚ್ಚತಕ್ಕದ್ದು.

ಇದರ ಹುಳುಕು ನನಗೆ ಓದುವಾಗಲೇ ಗೊತ್ತಾಯಿತು. ಪೆಟ್ಟಾಗಿ ಆರು ತಿಂಗಳು ಕಳೆಯದೆ ಪ್ರಮಾಣಪತ್ರದ ಮಂಡಳಿ ಕೈಯನ್ನು ನೋಡುವುದೇ ಇಲ್ಲ. ಆರು ತಿಂಗಳಲ್ಲಿ ಬೆರಳು ಸೊಟ್ಟಗೆ ಕೂತುಬಿಡುತ್ತದೆ, ಆಮೇಲೆ ದೇವರು ಬಂದರೂ ಬಿಚ್ಚುವುದಿಲ್ಲ. ಮೊದಲು ಪೂರ್ತಿ ಕೆಡಿಸಿಕೊಂಡು ಬಾ, ಆಮೇಲೆ ರಿಪೇರಿ ಮಾಡೋಣ ಎಂದ ಹಾಗಾಯಿತು. ಇಷ್ಟು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಆಬೇದಾ ಬಿಟ್ಟಳು.

"ಸರ್, ಆರು ತಿಂಗಳಾದ ಮ್ಯಾಲ ಹಾಳಿ ಕೊಟ್ರ ಏನು ಉಪಯೋಗರಿ? ಮತ್ತ ಈ ವರ್ಷ ಊರಿಗೂರೇ ಗುಳೆ ಹೊಂಟದ. ಮಂದಿ ಪುಣೆ, ಹೈದರಾಬಾದಿನ್ಯಾಗ ಇದ್ರ ಭೇಟಿಗಿ ಹ್ಯಾಂಗ ಬರ್ತಾರ್ರಿ?"

"ಅದು ಮ್ಯಾಲಿಂದ ಬಂದದ್ದಮ್ಮ," ಎಂದರು ಸಾಹೇಬರು. "ನಾ ಏನು ಮಾಡ್ಲಿ?"

ಎಲ್ಲರೂ ಅವಳ ಕಡೆ ಮೆಚ್ಚಿಗೆಯಿಂದ ನೋಡಿದರು. ನನ್ನ ಬಾಯಲ್ಲಿದ್ದ ಮಾತನ್ನೇ ಅವಳು ಆಡಿದ್ದಳು. ಧೈರ್ಯ ಅವಳದಾಯಿತು, ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ.

ಕೇಶರಬಾಯಿ ನನ್ನ ಶಿಬಿರಕ್ಕೆ ಬಂದದ್ದು ಸೆಪ್ಟೆಂಬರಿನಲ್ಲಿ. ಎಕಂಬಾದವಳು, ಇಪ್ಪತ್ತಾರು ವರ್ಷ. ಮಳೆ ಇಲ್ಲದೆ ಉದ್ದು ಬಂದಿದ್ದೇ ಅಷ್ಟಿಷ್ಟು, ಅದರ ರಾಶಿ ಮಾಡುವಾಗ ಮಷಿನ್ನಿನ ಬೆಲ್ಟಿಗೆ ಬಲಗೈ ಸಿಕ್ಕಿ ಅಂಗೈ ಹರಿದಿತ್ತು. ಹೊಲಿಗೆ ಬಿಚ್ಚಿದ್ದರು, ಗಾಯ ಮಾದಿತ್ತು. ಆದರೆ ಮಾಯುವಾಗ ಚರ್ಮ ಜಗ್ಗುತ್ತದೆ, ಅದರ ಜೊತೆ ಬೆರಳೂ ಒಳಗೆ ಮಡಚಿಕೊಳ್ಳುತ್ತವೆ. ಮೂರು ಬೆರಳು ಆಗಲೇ ಅರ್ಧ ಮಡಚಿದ್ದವು. ದಿನಾ ಮಲಗುವಾಗ ಪಟ್ಟಿ ಕಟ್ಟಿದರೆ ಎರಡು ತಿಂಗಳಲ್ಲಿ ಬಿಚ್ಚಿಕೊಳ್ಳುವ ಕೈ ಅದು. ಇಂಥ ಕೈಗಳನ್ನು ಕಂಡರೆ ನನಗೆ ಪ್ರೀತಿ.

"ದೀವಳಿಗಿ ಅನ್ನೂದ್ರಾಗ ಕೈ ಬರಬೇಕ್ರಿ ಮೇಡಮರಿ," ಎಂದಳು. "ದೀವಳಿಗಿ ಆದ ಮೂರನೇ ದಿನಕ್ಕ ಮುಕಾದಮ ಲಾರಿ ತರ್ತಾನ."

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರನ್ನು ಆಳುಗಳ ಗುತ್ತಿಗೆದಾರ ಮುಕಾದಮ ಜೋಡಿಯಾಗಿಯೇ ಬರೆದುಕೊಳ್ಳುತ್ತಾನೆ. ಗಂಡ ಹೆಂಡತಿ ಸೇರಿದರೆ ಒಂದು ಕೋಯತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಕಬ್ಬು ಕಡಿಯುವುದು ಗಂಡಸು, ಕಟ್ಟು ಕಟ್ಟಿ ಹೊರುವುದು ಹೆಂಗಸು. ಒಂಟಿ ಆಳು ಬಂದರೆ ಅರ್ಧ ಕೋಯತಾ. ಆ ವರ್ಷ ಬರಕ್ಕೆ ಕಬ್ಬೂ ಒಣಗಿತ್ತು, ಅರ್ಧ ಕೋಯತಾವನ್ನು ಕೇಳುವವರಿರಲಿಲ್ಲ.

"ನಿನ್ನ ಕೈ ಆಗಲಿಲ್ಲಂದ್ರ ಒಂದು ವರ್ಷ ಇಬ್ಬರೂ ಊರಾಗೇ ಇರ್ರಿ," ಎಂದೆ.

"ಅವರು ಎಲ್ಲಿ ಇರ್ತಾರ್ರಿ!" ಅವಳ ಮುಖ ಕೆಂಪಾಯಿತು. "ನನ್ನ ನೆಗೆಣಿ ಸುಭದ್ರಾಬಾಯಿ ಅದಾಳಲ್ರಿ, ನಮ್ಮ ಬಾವ ಸತ್ತು ಎರಡು ವರ್ಷ ಆತು. ನನ್ನ ಕೈ ಬರಲಿಲ್ಲಂದ್ರ ಆಕಿ ಹೆಸರು ಬರಸ್ತೇನಂತ ನನ್ನ ಗಂಡ ಅಂದಾನ. ಆರು ತಿಂಗಳು, ಒಂದೇ ಕೊಪ್ಪಿ ಗುಡಸಲು. ಆಕಿ ಒಲಿ ಹಚ್ಚಬೇಕು, ಇಂವ ಉಣ್ಣಬೇಕು. ನಾ ಇಲ್ಲಿ ಕುಂತು ಏನು ಮಾಡ್ಲಿ, ಭಜನಿ ಮಾಡ್ಲಾ?"

"ನಿನ್ನ ಗಂಡ ಪಂಢರಿ ಅಂಥಾಂವ ಅದಾನೇನ?"

"ಇಲ್ರಿ, ಬಾಳ ಸಾದಾ ಮನಷ್ಯಾ. ಆಕೀನೂ ಚೊಲೊ ಹೆಣಮಗಳೇ. ಅದಕ್ಕೇ ನನಗ ಬಾಳ ಸಂಕಟ ಆಗ್ತದ."

ಆ ಮಾತು ನನಗೆ ನಾಟಿತು. ಒಳ್ಳೆಯವರ ಮೇಲಿನ ಹೊಟ್ಟೆಕಿಚ್ಚು ಎಂಥದ್ದು ಎಂದು ನನಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಪಟ್ಟಿ ಮಾಡಿಕೊಡಲಿಲ್ಲ. ನೌಬಾದದ ಕಪಾಟಿನಲ್ಲಿ ಹನ್ನೊಂದು ಹಾಳೆ ಇದ್ದವು, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ನಿಯಮ ನಿಯಮವೇ ಎಂದು ಅವಳಿಗೆ ತಿಳಿಸಿ, ಬಿಸಿ ಬಟ್ಟೆಯ ಶಾಖ ಕೊಡುವುದು, ಬೆರಳು ನೀವಿ ಎಳೆಯುವುದು ಕಲಿಸಿ ಕಳಿಸಿದೆ. ಅಷ್ಟಕ್ಕೇ ಆ ಕೈ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮೂರು ವಾರ ಬಿಟ್ಟು ಅವಳು ಮತ್ತೆ ಬಂದಾಗ ಚೀಲದಿಂದ ಒಂದು ಬೂದುಬಣ್ಣದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಹೊಲಕ್ಕೆ ನೀರು ಹಾಯಿಸುವ ಪೈಪನ್ನು ಸೀಳಿ, ಬಿಸಿ ಮಾಡಿ, ಕೈಯ ಅಳತೆಗೆ ಬಾಗಿಸಿದ್ದು. ಅಂಚಿಗೆ ಹಳೆ ಸೀರೆಯ ಬಟ್ಟೆ ಸುತ್ತಿ ಹೊಲಿದಿತ್ತು.

"ಭಾಲ್ಕಿ ಆಪಾ ಮಾಡಿಕೊಟ್ರು," ಎಂದಳು ಖುಷಿಯಿಂದ. "ನಮ್ಮ ಬೋರು ಬತ್ತಿ ಹೋಗ್ಯಾದಲ್ರಿ, ಅದರದೇ ಪೈಪು. ನೀರೇ ಇಲ್ಲಂದ್ರ ಪೈಪು ಯಾತಕ್ಕ, ತಗೊಂಡು ಬಾ ಅಂದ್ರು. ಹಂಚಿನ್ಯಾಗ ಉಸುಕು ಕಾಸಿ, ಅದರಾಗ ಪೈಪು ಇಟ್ಟು ಮೆತ್ತಗ ಮಾಡ್ತಾರ. ಒಂದು ಹನಿ ನೀರು ಬೇಕಾಗಲ್ಲ."

ನಮ್ಮ ಸರಕಾರಿ ಹಾಳೆಗೆ ಪಾತ್ರೆ ತುಂಬ ಕುದಿಯುವ ನೀರು ಬೇಕು. ಔರಾದಿನಲ್ಲಿ ಆಗ ಟ್ಯಾಂಕರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ನಾನು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹೆಬ್ಬೆರಳಿನ ಬುಡ, ಮಣಿಕಟ್ಟಿನ ಓರೆ, ಬೆರಳಿನ ಎತ್ತರ, ಎಲ್ಲಿಯೂ ಒಂದು ತಪ್ಪು ಸಿಗಲಿಲ್ಲ. ಕೇಶರಬಾಯಿಯ ಬೆರಳು ಮುಕ್ಕಾಲು ಬಿಚ್ಚಿದ್ದವು. ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು. ನನ್ನ ಶಿಬಿರ, ನನ್ನ ತಾಲೂಕು, ನಾನು ಮೊದಲು ಮುಟ್ಟಿದ ಕೈ. ಅದರ ಮೇಲೆ ಅವಳ ಪಟ್ಟಿ!

"ಇದನ್ನ ಇಲ್ಲಿ ಬಿಟ್ಟು ಹೋಗು," ಎಂದೆ. "ಪೈಪಿನ ಪ್ಲಾಸ್ಟಿಕ್ ಚರ್ಮಕ್ಕ ಆಗ್ತದೋ ಇಲ್ಲೋ ತಪಾಸ ಮಾಡಬೇಕು. ಮುಂದಿನ ಗುರುವಾರ ಕೊಡ್ತೇನಿ."

ಅವಳು ಪಟ್ಟಿಯನ್ನು ಬಿಡದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. "ಮುಂದಿನ ಗುರುವಾರ ಖರೇನ ಕೊಡ್ತೀರಿಲ್ರಿ?"

"ಅಂದೆನಲ್ಲ!"

ಆಮೇಲೆ ಬಿಟ್ಟಳು.

ಚರ್ಮದ ಚಿಂತೆ ನನಗೆ ಇತ್ತೇ? ಒಂದು ಚೂರು ಇತ್ತು, ಸುಳ್ಳು ಹೇಳುವುದಿಲ್ಲ. ಬೀದರಿಗೆ ಹೋಗುವ ಜೀಪಿನಲ್ಲಿ ಆ ಚೂರನ್ನೇ ಹಿಗ್ಗಿಸಿ ಹಿಗ್ಗಿಸಿ ಎರಡು ಪುಟದ ಪತ್ರ ಬರೆದೆ. ಅನುಮೋದನೆ ಇಲ್ಲದ ಸಾಧನ, ರೋಗಿಗಳ ಸುರಕ್ಷತೆ, ಬೇರೆಯವರ ಶಿಬಿರದ ರೋಗಿಯ ಚಿಕಿತ್ಸೆಯಲ್ಲಿ ಹಸ್ತಕ್ಷೇಪ. ಪಟ್ಟಿಯನ್ನು ಪುರಾವೆ ಎಂದು ಜೊತೆಗಿಟ್ಟೆ. ಸಾಹೇಬರು ಓದಿ, "ಪ್ರಮಿಲಾಬಾಯಿ, ಇದು ಕಡತಕ್ಕ ಸೇರ್ತಂದ್ರ ನಾ ಸುಮ್ಮನ ಕೂಡಂಗಿಲ್ಲ, ವಿಚಾರ ಮಾಡ್ರಿ," ಎಂದರು. ಪಾಪ, ಅವರು ಬಾಗಿಲು ತೆರೆದೇ ಇಟ್ಟಿದ್ದರು. ನಾನು ವಿಚಾರ ಮಾಡಿದ್ದೇನೆ ಎಂದೆ.

ಪಟ್ಟಿಯನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಆಬೇದಾಳಿಗೆ ದೂರಿದವರ ಹೆಸರಿಲ್ಲದ ನೋಟಿಸು ಹೋಯಿತು, ಭಾಲ್ಕಿಯ ಶಿಬಿರ ನಿಂತಿತು. ಅವತ್ತು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಮುಂದಿನ ಗುರುವಾರ ದಸರೆಯ ರಜೆ ಬಂತು, ಅದರ ಮುಂದಿನ ಗುರುವಾರ ಜೀಪಿಗೆ ಡೀಸೆಲ್ ಇರಲಿಲ್ಲ. ನೆಪಗಳು ತಾವಾಗಿಯೇ ಸಿಕ್ಕವು. ಶುಕ್ರವಾರ ಬೆಳಿಗ್ಗೆ ಕೇಶರಬಾಯಿ ನೌಬಾದಕ್ಕೇ ಬಂದು ಬಾಗಿಲಲ್ಲಿ ನಿಂತಳು. ಕೈಯನ್ನು ಸೆರಗಿನ ಒಳಗೆ ಮುಚ್ಚಿಕೊಂಡಿದ್ದಳು. ನಾನೇ ಸೆರಗು ಸರಿಸಿ ನೋಡಿದೆ. ಬೆರಳು ಮತ್ತೆ ಮಡಚಿದ್ದವು, ಮೊದಲಿಗಿಂತ ಬಿಗಿಯಾಗಿ.

"ಪಟ್ಟಿ ಕೊಡ್ರಿ ಮೇಡಮರಿ."

ಎದುರಿನ ಕಪಾಟಿನಲ್ಲೇ ಇತ್ತು. ಮುದ್ರೆ ಒಡೆಯುವ ಹಕ್ಕು ಸಾಹೇಬರಿಗೂ ಇರಲಿಲ್ಲ. ದೀಪಾವಳಿಗೆ ಹನ್ನೆರಡು ದಿನ ಉಳಿದಿತ್ತು. ನನ್ನ ಸೊಂಟದ ಬೀಗದ ಕೈ ತೆಗೆದು ಒಂದು ಹಾಳೆ ಹೊರಗೆ ಎಳೆದೆ, ನಿಯಮ ಗಿಯಮ ಹಾಳಾಗಲಿ ಎಂದು. ನೀರು ಕಾಸಿ ಹಾಳೆ ಅದ್ದಿದೆ. ಬೇಸಿಗೆಯೆಲ್ಲ ಕಪಾಟಿನಲ್ಲಿ ಬೆಂದ ಹಾಳೆ ಮೆತ್ತಗಾಗುವ ಬದಲು ಹಪ್ಪಳದ ಹಾಗೆ ಮುರಿಯಿತು. ಉಳಿದವನ್ನೂ ಒಂದೊಂದಾಗಿ ಅದ್ದಿದೆ, ಅವೂ ಮುರಿದವು. ಯಾರಿಗೂ ಕೊಡದೆ ಕಾಯ್ದಿಟ್ಟ ಹನ್ನೊಂದೂ ಕಸವಾಗಿದ್ದವು. ಕೇಶರಬಾಯಿ ಚೂರುಗಳನ್ನು ನೋಡುತ್ತಾ ನಿಂತಿದ್ದಳು.

"ನಡಿ," ಎಂದೆ. "ಭಾಲ್ಕಿಗಿ ಹೋಗೋಣು."

ಬಸ್ಸಿನಲ್ಲಿ ಅವಳು ತನ್ನ ನೆಗೆಣಿಯ ಸುದ್ದಿಯನ್ನೇ ಹೇಳಿದಳು. ಸುಭದ್ರಾಬಾಯಿ ಹೊಸ ಚಪ್ಪಲಿ ತಂದಿದ್ದಾಳಂತೆ, ಕಬ್ಬಿನ ಹೊಲಕ್ಕೆ ಹೊಸ ಚಪ್ಪಲಿ ಯಾಕೆ ಬೇಕು? ನಾನು ಹೂಂ ಎನ್ನುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಬೇದಾಳ ಮುಂದೆ ನಿಂತು ಏನು ಹೇಳಬೇಕೆಂದು ಒಂದು ಸುಳ್ಳನ್ನೂ ಹೊಂದಿಸಲು ಆಗಲಿಲ್ಲ.

ಆಬೇದಾ ಮನೆಯಂಗಳದಲ್ಲೇ ಸಿಕ್ಕಳು. ನನ್ನನ್ನು ಕಂಡು ಅವಳ ಮುಖ ಅರಳಿತು. "ಅಕ್ಕಾ! ನನ್ನ ನೋಡ್ಲಾಕ ನೀವರ ಬಂದ್ರಿ. ಆಫೀಸಿಂದ ಒಬ್ಬರೂ ಬಂದಿಲ್ಲ ನೋಡ್ರಿ." ನಾನು ಕೇಶರಬಾಯಿಯ ಕೈ ತೋರಿಸಿದೆ. ಅವಳು ಮಾತು ನಿಲ್ಲಿಸಿ ಹಂಚಿಗೆ ಉಸುಕು ಹಾಕಿ ಒಲೆ ಹಚ್ಚಿದಳು.

"ಅಷ್ಟು ಚೊಲೊ ಬಂದಿತ್ತಲ್ಲವಾ ಕೈ," ಎಂದು ಪೈಪು ಸೀಳುತ್ತಾ ಕೇಶರಬಾಯಿಯನ್ನು ಗದರಿಸಿದಳು. "ಪಟ್ಟಿ ಯಾಕ ಬಿಟ್ಟಿ? ದಿನಾ ಕಟ್ಟಬೇಕು ಅಂತ ಹೇಳಿದ್ದಿಲ್ಲಾ?"

"ನಾ ಎಲ್ಲಿ ಬಿಟ್ಟೀನ್ರಿ ಆಪಾ? ಮೇಡಮ್ಮೋರೇ ಇಸ್ಕೊಂಡ್ರು. ತಪಾಸ ಮಾಡಿ ಕೊಡ್ತೇನಿ ಅಂದ್ರು, ಕಚೇರಿ ಕಪಾಟಿನ್ಯಾಗ ಇಟ್ಟಾರಂತ."

ಪೈಪು ಸೀಳುತ್ತಿದ್ದ ಆಬೇದಾಳ ಕೈ ನಿಂತಿತು. ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ. ಸೀಳಿದ ಪೈಪನ್ನು ಬಿಸಿ ಉಸುಕಿನಲ್ಲಿಟ್ಟು ತಿರುವಿದಳು. ಪೈಪು ಮೆತ್ತಗಾಯಿತು. ಅದನ್ನು ಇಕ್ಕಳದಿಂದ ಎತ್ತಿ, ಬಟ್ಟೆ ಹಾಸಿದ ಕೈಯ ಮೇಲೆ ಇಟ್ಟು ಒತ್ತಿದಳು.

"ಮಣಿಕಟ್ಟು ಗಟ್ಟಿ ಹಿಡೀರಿ ಮೇಡಂ," ಎಂದಳು.

ಮೂರು ವರ್ಷದಲ್ಲಿ ಒಮ್ಮೆಯೂ ಅವಳು ನನ್ನನ್ನು ಮೇಡಂ ಎಂದಿರಲಿಲ್ಲ. ಅಕ್ಕಾ ಎಂದರೆ ಸಿಟ್ಟು ಬರುತ್ತಿದ್ದ ನನಗೆ ಅವತ್ತು ಅದೊಂದು ಮಾತಿಗಾಗಿ ಬೇಡಿಕೊಳ್ಳುವಷ್ಟು ಆಸೆಯಾಯಿತು. ಮಣಿಕಟ್ಟು ಗಟ್ಟಿ ಹಿಡಿದುಕೊಂಡೆ. ಅವಳ ಕೈಚಳಕವನ್ನು ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದೆ. ಹೇಳಲು ನಾಚಿಕೆಯಾಗುತ್ತದೆ, ಆಗಲೂ ಹೊಟ್ಟೆ ಉರಿಯಿತು.

ಹನ್ನೆರಡು ದಿನ ಸಾಲಲಿಲ್ಲ. ದೀಪಾವಳಿಯಾದ ಮೂರನೇ ದಿನ ಮುಕಾದಮ ಎಕಂಬಾಕ್ಕೆ ಲಾರಿ ತಂದ. ಬರಗಾಲದಲ್ಲಿ ಆಳಿಗೇನು ಕಡಿಮೆ, ಒಬ್ಬೊಬ್ಬ ಹೆಂಗಸಿಗೂ ಒಂದು ಹೊರೆ ಜೋಳದ ಒಣ ದಂಟಿನ ಕಣಿಕಿ ಕೊಟ್ಟು ಕಟ್ಟು ಕಟ್ಟಿಸಿ ನೋಡಿದನಂತೆ. ಕೇಶರಬಾಯಿ ಹಗ್ಗ ಸುತ್ತಿದಳು, ಎಳೆಯುವಾಗ ಬೆರಳು ಹಿಡಿತ ಕೊಡಲಿಲ್ಲ, ಕಟ್ಟು ಬಿಚ್ಚಿಕೊಂಡಿತು. ಎರಡನೇ ಸಲ ಹಲ್ಲಿನಿಂದ ಹಗ್ಗ ಎಳೆದಳಂತೆ. ಮುಕಾದಮ ನಕ್ಕ. ಪಂಢರಿಯ ಹೆಸರಿನ ಪಕ್ಕ ಸುಭದ್ರಾಬಾಯಿಯ ಹೆಸರು ಬರೆದುಕೊಂಡ. ಇದೆಲ್ಲ ನನಗೆ ಅವಳೇ ಹೇಳಿದಳು. ಹೇಳುವಾಗ ಅಳಲಿಲ್ಲ.

ನಾನು ಇನ್ನೊಂದು ಪತ್ರ ಬರೆದೆ. ಮೊದಲಿನ ಪತ್ರ ತಪ್ಪು, ಆ ಪಟ್ಟಿಯಲ್ಲಿ ದೋಷವಿಲ್ಲ, ನಾನು ಮತ್ಸರದಿಂದ ಬರೆದೆ ಎಂದು ಆ ಶಬ್ದವನ್ನೇ ಹಾಕಿದೆ. ಸಾಹೇಬರು ಎರಡನ್ನೂ ಎದುರಿಗಿಟ್ಟುಕೊಂಡು, "ಒಂದರಾಗ ತಪ್ಪು ಅಂತೀರಿ, ಇನ್ನೊಂದರಾಗ ಸರಿ ಅಂತೀರಿ. ಮ್ಯಾಲಿನವರಿಗಿ ಮತ್ಸರ ಅಂತ ಯಾವ ಕಾಲಂನ್ಯಾಗ ಬರೀಲಿ?" ಎಂದು ಕಡತಕ್ಕೆ ಸೇರಿಸಿದರು. ಡಿಸೆಂಬರಿನಲ್ಲಿ ಆಬೇದಾಳ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಅವಳು ಹೈದರಾಬಾದಿನ ಯಾವುದೋ ಆಸ್ಪತ್ರೆಗೆ ಹೋದಳೆಂದು ಕೇಳಿದೆ. ಆ ವರ್ಷ ಎಲ್ಲರೂ ಊರು ಬಿಟ್ಟರು, ಅವಳನ್ನು ಬಿಡಿಸಿದ್ದು ಮಾತ್ರ ಬರಗಾಲವಲ್ಲ.

ಭಾಲ್ಕಿಯ ಶಿಬಿರ ನನ್ನ ಪಾಲಿಗೆ ಬಂತು. ಬೇಕೆಂದಿದ್ದೆನಲ್ಲ, ಸಿಕ್ಕಿತು. ಮಂದಿ ಅವಳ ಬೂದು ಪಟ್ಟಿಗಳನ್ನು ಹಿಡಿದು ಬಂದು, ಹೀಂಗೇ ಮಾಡ್ರಿ ಎನ್ನುತ್ತಾರೆ. ನಾನೂ ಹಂಚಿಗೆ ಉಸುಕು ಹಾಕುತ್ತೇನೆ, ಬಾಗಿಲು ಮುಂದಕ್ಕೆ ಎಳೆದುಕೊಂಡು. ವರದಿಯಲ್ಲಿ ಬರೀ ವ್ಯಾಯಾಮ ಎಂದು ಬರೆಯುತ್ತೇನೆ. ಪಟ್ಟಿ ಒಂದು ಕೂದಲೆಳೆ ಓರೆಯಾದರೂ ಅವರು ಹಳೆಯದನ್ನು ಪಕ್ಕಕ್ಕಿಟ್ಟು ನೋಡುತ್ತಾರೆ.

ಕೇಶರಬಾಯಿ ಮಾತ್ರ ಗುರುವಾರ ತಪ್ಪಿಸಲಿಲ್ಲ. ಸಂಕ್ರಾಂತಿ ಹೊತ್ತಿಗೆ ರೊಟ್ಟಿ ಬಡಿದಳು. ಫೆಬ್ರವರಿ ಕೊನೆಗೆ ಆರು ತಿಂಗಳು ತುಂಬಿ ಮಂಡಳಿಯವರು ಕರೆದರು, ಕೈ ನೋಡಿ ಶೇಕಡಾ ಹನ್ನೆರಡು ಎಂದು ಬರೆದು ಕಳಿಸಿದರು. ಅಂದರೆ ಈ ಕೈಗೆ ನಮ್ಮ ಕೇಂದ್ರದಿಂದ ಯಾವತ್ತೂ ಏನೂ ಸಿಗತಕ್ಕದ್ದಲ್ಲ. ಆ ಕಾಗದವನ್ನು ನನ್ನ ಮುಂದಿಟ್ಟು, ಒಂದು ಕಟ್ಟು ಕಣಿಕಿಯನ್ನು ಬಿಗಿದು ಕಟ್ಟಿ ತೋರಿಸಿದಳು. ಗಂಟು ನಾನು ಎಳೆದರೂ ಬಿಚ್ಚಲಿಲ್ಲ.

"ಈಗ ಬಂತು ನೋಡ್ರಿ ಕೈ," ಎಂದಳು. "ಮೊನ್ನಿ ಫೋನ್ ಮಾಡಿದ್ದ ನನ್ನ ಗಂಡ. ಹಿಂದ ಆಕಿ ನಗೂದು ಕೇಳಸ್ತು. ಏನಿಲ್ಲ, ಸುಮ್ಮ ನಗ್ಲತಿದ್ಳು. ನಾ ಫೋನ್ ಇಟ್ಟುಬಿಟ್ಟೆ." ಕಣಿಕಿಯ ಗಂಟನ್ನು ಮತ್ತೊಮ್ಮೆ ಜಗ್ಗಿ ಕೇಳಿದಳು: "ನಿಮಗ ಎಂದರ ಹಿಂಗ ಹೊಟ್ಟಿ ಉರದದೇನ್ರಿ?"

ನಾಲ್ಕು ತಿಂಗಳಿಂದ ಮುಚ್ಚಿಟ್ಟುಕೊಂಡಿದ್ದನ್ನು ಆಗ ಹೇಳಿಬಿಟ್ಟೆ. "ಉರದದ. ಆಬೇದಾನ ಮ್ಯಾಲ. ಅದಕ್ಕೇ ನಿನ್ನ ಪಟ್ಟಿ ಇಸ್ಕೊಂಡೆ. ತಪಾಸ ಗಿಪಾಸ ಏನೂ ಇದ್ದಿಲ್ಲ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸುಭದ್ರಾಬಾಯಿ ಕೈ ಮುರೀಲಿ ಅಂತ ನಾ ದೇವರಿಗಿ ದಿನಾ ಬೇಡ್ಕೊಂಡೀನ್ರಿ," ಎಂದಳು ಮೆಲ್ಲಗೆ. "ಆಕಿ ಲಾರಿ ಏರೂ ಮುಂಜಾನಿತನಾ ಬೇಡ್ಕೊಂಡೆ. ಆದ್ರ ನಾ ಬರೇ ಬೇಡ್ಕೊಂಡೆ ಮೇಡಮರಿ. ನೀವು ಮಾಡಿದ್ರಿ."

ಹೊರಗೆ ಠಾಣಾ ಕುಶನೂರಿನ ಬಸ್ಸು ಹಾರ್ನ್ ಹೊಡೆಯಿತು. ಅವಳು ಎದ್ದು ಕಟ್ಟಿದ ಕಣಿಕಿಯನ್ನು ಬಲಗೈಯಲ್ಲೇ ಎತ್ತಿ ಗೋಡೆಗೆ ಆನಿಸಿಟ್ಟು ಹೋದಳು. ಮುಂದಿನ ಗುರುವಾರ ಬರಲಿಲ್ಲ, ಅದರ ಮುಂದಿನ ಗುರುವಾರವೂ ಬರಲಿಲ್ಲ. ಮೂರು ಭೇಟಿ ತಪ್ಪಿದ ಮೇಲೆ ಸುತ್ತೋಲೆಯಂತೆ ಕಡತ ಮುಚ್ಚಬೇಕು. ಅವಳ ಕಡತ ಇನ್ನೂ ನನ್ನ ಮೇಜಿನ ಮೇಲೆ ತೆರೆದೇ ಇದೆ.